ಜಲಾಶಯದ ದಡದಲ್ಲಿ ನಾಯಿಯೊಂದಿಗೆ ಟೆಂಟ್: ನನ್ನ ಅನುಭವ

ನಾಯಿಯನ್ನು ಕರೆದೊಯ್ದರೆ ಅದೂ ಮಲಗುವುದಿಲ್ಲ, ಅಕ್ಕಪಕ್ಕದ ಟೆಂಟಿನವರನ್ನೂ ಮಲಗಗೊಡುವುದಿಲ್ಲ ಎಂದು ಚಾರಣದ ಗೆಳೆಯರು ಹೇಳುತ್ತಲೇ ಇದ್ದರು. ಈಗ ನನ್ನ ನಾಯಿ ರಾತ್ರಿ ಹತ್ತಕ್ಕೆ ಮಲಗಿದರೆ ಬೆಳಗಿನವರೆಗೆ ಸದ್ದಿಲ್ಲ. ಅದೇ ಗೆಳೆಯರು ಉಪಾಯ ಕೇಳುತ್ತಿದ್ದಾರೆ.

ದಣಿಸಿದರೆ ಮಲಗುತ್ತದೆ ಎಂಬ ಮಾತು ನಂಬಿ ಹದಿನೈದು ಕಿಲೋಮೀಟರ್‌ವರೆಗೂ ನಡೆಸಿ ನೋಡಿದ್ದೇನೆ. ಚಡಪಡಿಕೆ ಹೆಚ್ಚಿತೇ ಹೊರತು ಬೊಗಳಾಟ ನಿಲ್ಲಲಿಲ್ಲ. ನೀರಿಗೆ ಕೋಲು ಎಸೆದು ತರಿಸುವ ಆಟ ಇನ್ನೂ ಕೆಟ್ಟದ್ದು. ಬಾಯಿ ತೆರೆದು ಈಜುವ ನಾಯಿ ಹೊಟ್ಟೆ ತುಂಬ ನೀರು ನುಂಗುತ್ತದೆ, ರಾತ್ರಿಯಿಡೀ ಹೊರಗೆ ಬಿಡಬೇಕಾಗುತ್ತದೆ. ಅತಿಯಾದರೆ ರಕ್ತದ ಸೋಡಿಯಂ ಕುಸಿದು ಪ್ರಾಣಕ್ಕೇ ಕುತ್ತು. ಆಮೇಲೆ ದುಡ್ಡು ಸುರಿದೆ. ನಾಯಿಗೆಂದೇ ಮಾರುವ ಮಡಚುವ ಮಂಚಕ್ಕೆ ಟೆಂಟಿನ ಅರ್ಧ ಬೆಲೆ ತೆತ್ತರೆ, ಮಹಾರಾಯ ಅದರ ಪಕ್ಕದ ನೆಲದ ಮೇಲೆ ಮಲಗಿದ. ನಾಯಿ ಕಟ್ಟಲು ಒಯ್ದ ಕಬ್ಬಿಣದ ಗೂಟವೋ, ನೀರು ಇಳಿದ ದಡದ ಹಸಿಮಣ್ಣಿನಲ್ಲಿ ಒಂದೇ ಎಳೆತಕ್ಕೆ ಕಿತ್ತು ಬಂತು.

ಕೊನೆಗೆ ಕೆಲಸ ಮಾಡಿದ್ದು ಮೂಗು. ಮಧ್ಯಾಹ್ನ ಎರಡು ಮೂರಕ್ಕೇ ತಲುಪಿ, ಟೆಂಟ್ ಬಿಚ್ಚುವ ಮೊದಲು, ಉದ್ದ ಹಗ್ಗ ಹಿಡಿದು ಜಾಗದ ಸುತ್ತ ನಾಯಿ ಮೂಸುತ್ತ ಕರೆದೊಯ್ದ ಕಡೆಗೆ ಹೋಗುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಪೊದೆಯೊಂದರ ಬುಡದಲ್ಲೇ ನಿಂತುಬಿಟ್ಟರೂ ಎಳೆಯುವುದಿಲ್ಲ. ಆರಂಭದಲ್ಲಿ ಬಾಲ ಸೆಟೆದಿರುತ್ತದೆ, ಮೂಗಿನುಸಿರಿಗೆ ನೆಲದ ದೂಳು ಹಾರುತ್ತದೆ. ಹೋಗುತ್ತ ಹೋಗುತ್ತ ಬಾಲ ಸಡಿಲವಾಗಿ, ಮೂಗಿನಿಂದ ಬಾಲದ ತುದಿಯವರೆಗೆ ಮೈ ಕೊಡವುತ್ತದೆ. ಆ ಕೊಡವುವಿಕೆ ಕಂಡ ಮೇಲೆಯೇ ಟೆಂಟಿಗೆ ಕೈ ಹಾಕುತ್ತೇನೆ.

ಗೂಟದ ಬದಲು ಎರಡು ಮರಗಳ ನಡುವೆ ತಲೆಯೆತ್ತರದಲ್ಲಿ ಹಗ್ಗ, ಅದರಲ್ಲಿ ಜಾರುವ ಕೊಂಡಿ, ಕೊಂಡಿಗೆ ನಾಯಿಯ ಹಗ್ಗ. ಮರಕ್ಕಿಂತ ಒಂದೆರಡು ಮೀಟರ್ ಮೊದಲೇ ಗಂಟು ಹಾಕಿ ಕೊಂಡಿಯನ್ನು ತಡೆಯಬೇಕು, ಇಲ್ಲವಾದರೆ ನಾಯಿ ಕಾಂಡವನ್ನು ಸುತ್ತಿಕೊಂಡು ನಿಲ್ಲುತ್ತದೆ. ಒಳಗೆ ಫೋಮ್ ಚಾಪೆಯ ತುಂಡು, ಮೇಲೆ ಮನೆಯಲ್ಲಿ ನಾಯಿ ಹೊದ್ದ, ತೊಳೆಯದ ಹೊದಿಕೆ. ಚಾಪೆಯನ್ನು ಟೆಂಟಿನ ಯಾವ ಕಡೆಗೆ ಹಾಸುತ್ತೇನೆ ಎಂಬುದನ್ನು ಮಾತ್ರ ಹೇಳುವುದಿಲ್ಲ. ಅದಕ್ಕಾಗಿ ಸಾಕಷ್ಟು ನಿದ್ದೆ ಕಳೆದುಕೊಂಡಿದ್ದೇನೆ.

ನಡುವೆ ನಾಯಿಯ ನೀರನ್ನು ಎರಡು ಬದಿಗೆ ಇಳಿಬೀಳುವ ಚೀಲದಲ್ಲಿ ಅದರ ಬೆನ್ನಿಗೇ ಹೊರಿಸಿ ನೋಡಿದೆ. ಇಪ್ಪತ್ತು ಕಿಲೋ ಚಿಲ್ಲರೆ ತೂಗುವ ನಾಯಿಗೆ ಎರಡು ಲೀಟರ್ ಹೊರೆಯೇನಲ್ಲ. ಆದರೆ ಒಂದು ಬದಿಯ ಬಾಟಲಿಯನ್ನಷ್ಟೇ ಖಾಲಿ ಮಾಡಿದರೆ ಚೀಲ ವಾಲಿ ಕಂಕುಳ ಚರ್ಮ ಉಜ್ಜುತ್ತದೆ. ಎರಡೂ ಬದಿಯಿಂದ ಸಮನಾಗಿ ಕುಡಿಸಿ.

ಜಲಾಶಯದ ನೀರನ್ನು ನಾನು ಕುಡಿಸುವುದೇ ಇಲ್ಲ. ಬಿಸಿಲ ದಿನಗಳಲ್ಲಿ ಗಾಳಿಗೆ ದಡ ಸೇರಿದ ಹಸಿರು ಬಣ್ಣದಂಥ ಕೆನೆ ಕಂಡರೆ ಪಾದ ಅದ್ದಲೂ ಬಿಡುವುದಿಲ್ಲ. ಅದು ನೀಲಿ-ಹಸಿರು ಪಾಚಿಯಾಗಿದ್ದರೆ ಅದರ ವಿಷ ಕೆಲವೇ ಗಂಟೆಗಳಲ್ಲಿ ನಾಯಿಯನ್ನು ಕೊಲ್ಲಬಲ್ಲದು, ಕುದಿಸಿದರೂ ಹೋಗುವುದಿಲ್ಲ. ಕಣ್ಣು ತಪ್ಪಿಸಿ ಇಳಿದುಬಿಟ್ಟರೆ ಮೈ ನೆಕ್ಕಿಕೊಳ್ಳುವ ಮೊದಲೇ ತೊಳೆಯಲು ಐದು ಲೀಟರ್ ಒಳ್ಳೆಯ ನೀರನ್ನು ಬೇರೆಯೇ ಇಟ್ಟಿರುತ್ತೇನೆ.