ಆಯಿಲ್ ಲೈಟ್ ಹತ್ತುತ್ತಿಲ್ಲವೇ? ದೋಷ ಹುಡುಕುವ ಕ್ರಮ

ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಆಗ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ಆಯಿಲ್ ಲೈಟ್ ಉರಿಯಬೇಕು, ಎಂಜಿನ್ ಓಡತೊಡಗಿದ ಕೆಲವೇ ಕ್ಷಣಗಳಲ್ಲಿ ಆರಬೇಕು. ಮೊದಲೇ ಹತ್ತದಿದ್ದರೆ ಅದನ್ನು ಹಾಗೇ ಬಿಡಬೇಡಿ. ಓಡುವಾಗ ಆಯಿಲ್ ಪ್ರೆಶರ್ ಬಿದ್ದರೂ ನಿಮಗೆ ಗೊತ್ತಾಗುವುದಿಲ್ಲ. ಗೊತ್ತಾಗುವ ಹೊತ್ತಿಗೆ ಬೇರಿಂಗ್ ಹೋಗಿರುತ್ತದೆ.

ಎಲ್ಲ ದೀಪಗಳೂ ಸತ್ತಿದ್ದರೆ ಮೊದಲು ಡ್ಯಾಶ್‌ಬೋರ್ಡ್ ಮೀಟರಿನ ಫ್ಯೂಸ್ ನೋಡಿ. ಒಂದೇ ದೀಪ ಸತ್ತಿದ್ದರೆ ಫ್ಯೂಸ್ ಸಾಮಾನ್ಯವಾಗಿ ಕಾರಣವಲ್ಲ, ಅದರ ಹಿಂದೆ ಹೊತ್ತು ಕಳೆಯಬೇಡಿ.

ಹಳೆಯ, ಸರಳ ವೈರಿಂಗಿನ ಗಾಡಿಗಳಲ್ಲಿ ಕರೆಂಟ್ ಬಲ್ಬಿನ ಮೂಲಕ ಹಾದು, ಒಂದೇ ವೈರಿನಲ್ಲಿ ಎಂಜಿನ್ ಬ್ಲಾಕಿನ ಆಯಿಲ್ ಪ್ರೆಶರ್ ಸ್ವಿಚ್ಚಿಗೆ ಬರುತ್ತದೆ. ಪ್ರೆಶರ್ ಇಲ್ಲದಾಗ ಸ್ವಿಚ್ ಆ ವೈರನ್ನು ಬ್ಲಾಕಿನ ಲೋಹಕ್ಕೆ ಜೋಡಿಸುತ್ತದೆ, ಅಂದರೆ ಅರ್ತ್ ಮಾಡುತ್ತದೆ, ಪ್ರೆಶರ್ ಏರಿದಾಗ ಬಿಡಿಸುತ್ತದೆ. ಹಾಗಾಗಿ ಪರೀಕ್ಷೆಯನ್ನು ಸ್ವಿಚ್ಚಿನ ಬಳಿಯೇ ಶುರುಮಾಡಿ. ಅಲ್ಲಿ ಸರ್ಕಿಟ್ ಎರಡು ಭಾಗವಾಗುತ್ತದೆ.

ವೈರನ್ನು ಸ್ವಿಚ್ಚಿನಿಂದ ಕಳಚಿ. ಇಗ್ನಿಷನ್ ಆನ್ ಇಟ್ಟು, ಅದರ ತುದಿಯನ್ನು ತುಂಡು ವೈರಿನಿಂದ ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಮುಟ್ಟಿಸಿ. ದೀಪ ಹತ್ತಿತೇ? ಬಲ್ಬು, ವೈರು ಸರಿಯಾಗಿವೆ, ದೋಷ ಸ್ವಿಚ್ಚಿನ ಕಡೆಯದು. ಎಂಜಿನ್ ನಿಂತಿರುವಾಗ ಸ್ವಿಚ್ಚಿನ ಟರ್ಮಿನಲ್ ಮತ್ತು ಬ್ಲಾಕಿನ ನಡುವೆ ಮಲ್ಟಿಮೀಟರಿನಲ್ಲಿ ಓಮ್ ಅಳೆಯಿರಿ: ಸೊನ್ನೆಯ ಹತ್ತಿರ ಬರಬೇಕು. ಸ್ವಿಚ್ ಹೊಸದಾಗಿದ್ದರೂ ಸೊನ್ನೆ ಬಾರದಿರಬಹುದು. ಸ್ವಿಚ್ಚಿನ ಮರೆಗೆ (ಥ್ರೆಡ್ಡಿಗೆ) ಸುತ್ತಿದ ಟೆಫ್ಲಾನ್ ಟೇಪು ಅರ್ತನ್ನೇ ತಡೆದಿರುತ್ತದೆ. ಟೇಪು ತೆಗೆದು ಮರೆಯನ್ನು ಒರೆಸಿ ಕೂರಿಸಿ.

ಹತ್ತದಿದ್ದರೆ ಅದೇ ವೈರಿನ ತುದಿ ಮತ್ತು ಬ್ಲಾಕಿನ ನಡುವೆ ವೋಲ್ಟ್ ನೋಡಿ. ಸೊನ್ನೆ ಬಂದರೆ ಬಲ್ಬು ಸುಟ್ಟಿದೆ, ವೈರು ತುಂಡಾಗಿದೆ, ಇಲ್ಲವೇ ಬಲ್ಬಿನ ಹೋಲ್ಡರ್ ಕಚ್ಚಿಲ್ಲ. ಇಲ್ಲಿ ಅನೇಕರು ಎಡವುವ ಒಂದು ಜಾಗವಿದೆ: ಮಲ್ಟಿಮೀಟರ್ 12 ವೋಲ್ಟ್ ತೋರಿಸಿದರೂ ದೀಪ ಉರಿಯದಿರಬಹುದು. ಡಿಜಿಟಲ್ ಮಲ್ಟಿಮೀಟರ್ ಎಳೆಯುವ ಕರೆಂಟ್ ಅತ್ಯಲ್ಪ. ಕಿಲುಬು ಹಿಡಿದ ಕನೆಕ್ಟರ್ ಅಷ್ಟನ್ನು ಬಿಡುತ್ತದೆ, ಬಲ್ಬಿಗೆ ಬೇಕಾದಷ್ಟನ್ನು ಬಿಡುವುದಿಲ್ಲ. ವೈರನ್ನು ಅರ್ತ್ ಮಾಡಿಟ್ಟು, ಕನೆಕ್ಟರುಗಳನ್ನು ಒಂದೊಂದಾಗಿ ಅಲುಗಿಸುತ್ತಾ ಬನ್ನಿ.

ಬಲ್ಬಿಗಾಗಿ ಡ್ಯಾಶ್‌ಬೋರ್ಡ್ ಮೀಟರ್ ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ಕಳಚಿ. ಹಳೆಯ ಬಲ್ಬಿನ ಮೇಲೆ ಬರೆದಿರುವ ವ್ಯಾಟಿನ ಬಲ್ಬನ್ನೇ ಕೊಳ್ಳಿ. ಬ್ಯಾಟರಿ ಲೈಟಿನಲ್ಲಂತೂ ಇದು ಮುಖ್ಯ, ಏಕೆಂದರೆ ಹಲವು ಗಾಡಿಗಳಲ್ಲಿ ಆ ಬಲ್ಬಿನ ಮೂಲಕವೇ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿಗೆ ಆರಂಭದ ಕರೆಂಟ್ ಸಿಗುತ್ತದೆ. ಬಲ್ಬು ಸುಟ್ಟರೆ ಚಾರ್ಜಿಂಗೇ ಶುರುವಾಗದಿರಬಹುದು.

ಇಸಿಯು (ಗಾಡಿಯ ಕಂಪ್ಯೂಟರ್) ನಡೆಸುವ ದೀಪಗಳಿಗೆ ಈ ವೈರು ಮುಟ್ಟಿಸುವ ಪರೀಕ್ಷೆ ಬೇಡ; ದೋಷ ಓದುವ ಸ್ಕ್ಯಾನರ್ ಹಚ್ಚಿ. ಏರ್‌ಬ್ಯಾಗ್ ವೈರಿಗೆ ಮಲ್ಟಿಮೀಟರಿನ ಮೊನೆಯನ್ನೂ ತಾಗಿಸಬೇಡಿ. ಹಳೆಯ ಕಾರು ಕೊಳ್ಳುವಾಗ ಏರ್‌ಬ್ಯಾಗ್ ಅಥವಾ ಎಂಜಿನ್ ದೀಪ ಇಗ್ನಿಷನ್ ಆನ್ ಮಾಡಿದಾಗಲೂ ಹತ್ತದಿದ್ದರೆ, ದೋಷ ಮುಚ್ಚಲು ಯಾರೋ ಬಲ್ಬು ಕಿತ್ತಿರುವ ಸಾಧ್ಯತೆಯನ್ನೂ ನೋಡಿ.