ಎಷ್ಟು ಸೆಂಟು ಮಳೆ? ಇಬ್ಬರು ಪುಟಾಣಿಗಳ ಮನೆಗಲಿಕೆ

ಶಾಲೆಗೆ ಸೇರುವ ಮುಂಚೆ ಮಕ್ಕಳಿಗೆ ಮನೆಯಲ್ಲಿ ಏನೇನು ಕಲಿಸಿದಿರಿ ಎಂದು ಕೇಳುವವರಿಗೆ ನನ್ನ ಉತ್ತರ ಅಷ್ಟಾಗಿ ರುಚಿಸುವುದಿಲ್ಲ. ಕಲಿಸಲಿಲ್ಲ, ಕೆಲಸಕ್ಕೆ ಹಚ್ಚಿದೆ ಎನ್ನುತ್ತೇನೆ. ಕೆಲಸ ಎಂದರೆ ಮಕ್ಕಳನ್ನು ಸುಮ್ಮನಿರಿಸಲು ಹುಟ್ಟಿಸಿದ ಕೆಲಸವಲ್ಲ, ಮನೆಗೆ ಬೇಕಾದ ಕೆಲಸ. ಮಗಳಿಗೆ ಆರು ತುಂಬುತ್ತಾ ಬಂದಿದೆ, ಮಗ ನಾಲ್ಕರವನು. ಸೋಮವಾರಪೇಟೆ ಕಡೆ ನಮ್ಮದು ಸಣ್ಣ ತೋಟ. ಅರೇಬಿಕಾ ಹೆಚ್ಚು, ತಗ್ಗಿನಲ್ಲಿ ಒಂದಿಷ್ಟು ರೋಬಸ್ಟಾ, ಮರಗಳಿಗೆ ಹಬ್ಬಿದ ಮೆಣಸು. ಮನೆಯಲ್ಲಿ ಅತ್ತೆ, ಮಾವ ಇದ್ದಾರೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಬೆಂಗಳೂರಿನ ಫ್ಲ್ಯಾಟಿನಲ್ಲಿ ಒಬ್ಬಳೇ ಮಗುವನ್ನೂ ಆಫೀಸಿನ ಕೆಲಸವನ್ನೂ ಸಂಭಾಳಿಸುವ ನನ್ನ ಗೆಳತಿಗೆ ನೀನೂ ಹೀಗೇ ಮಾಡು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಕೊಡಗಿನ ತೋಟದ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಡುವುದು ಹಳೆಯ ರೂಢಿ. ಹವಾಮಾನ ಇಲಾಖೆ ಮಿಲಿಮೀಟರಿನಲ್ಲಿ ಹೇಳಿದರೂ ತೋಟದವರ ಬಾಯಲ್ಲಿ ಇವತ್ತಿಗೂ ಇಂಚು, ಸೆಂಟು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ನಮ್ಮ ಅಂಗಳದಾಚೆ, ಮೇಲೆ ಮರದ ಕೊಂಬೆ ಇಲ್ಲದ ಕಡೆ ಮಳೆಮಾಪಕ ಇದೆ. ಬೆಳಗಿನ ಕಾಫಿ ಆದ ಮೇಲೆ ಮಾವ ಅದರೊಳಗಿನ ಬಾಟಲಿ ತೆಗೆದು, ನೀರನ್ನು ಗೆರೆ ಹಾಕಿದ ಉದ್ದನೆಯ ಗಾಜಿಗೆ ಸುರಿದು, ಎಷ್ಟು ಸೆಂಟು ಎಂದು ನೋಡಿ ಪುಸ್ತಕಕ್ಕೆ ಬರೆಯುತ್ತಾರೆ. ಮಗಳು ಮೂರು ದಾಟಿದ ಹೊತ್ತಿಗೆ ಅಜ್ಜನ ಹಿಂದೆ ಕೊಡೆ ಹಿಡಿದು ಹೋಗತೊಡಗಿದಳು. ಆಲಿಕೆ ಹಿಡಿದುಕೊಂಡು ನಿಲ್ಲುವುದು ಅವಳ ಮೊದಲ ಉದ್ಯೋಗ.

ಗಾಜಿನಲ್ಲಿರುವ ನೀರನ್ನು ಮೇಲಿನಿಂದ ನೋಡಿದರೆ ಲೆಕ್ಕ ತಪ್ಪುತ್ತದೆ, ನೀರಿನ ಮಟ್ಟಕ್ಕೆ ಕಣ್ಣು ಇಟ್ಟೇ ನೋಡಬೇಕು. ಜಗಲಿಯ ಮೇಜಿನ ಮೇಲೆ ಗಾಜು ಇಟ್ಟರೆ ಮಾವ ಸೊಂಟ ಹಿಡಿದುಕೊಂಡು ಬಗ್ಗಬೇಕು. ಇವಳಿಗೆ ಬಗ್ಗುವುದೇ ಬೇಡ, ನಿಂತರೆ ಕಣ್ಣು ಸರಿಯಾಗಿ ಅಲ್ಲಿಗೇ ಬರುತ್ತಿತ್ತು. ಹಾಗಾಗಿ ನೋಡುವ ಕೆಲಸ ಅವಳ ಪಾಲಿಗೆ ಬಂತು. ಅಂಕಿ ಗೊತ್ತಿಲ್ಲದಿದ್ದಾಗ ಗೆರೆಯ ಮೇಲೆ ಬೆರಳಿಡುತ್ತಿದ್ದಳು, ಅಜ್ಜ ಓದುತ್ತಿದ್ದರು. ಉದ್ದ ಗೆರೆ ಹತ್ತರದ್ದು, ಗಿಡ್ಡ ಗೆರೆ ನಡುವಿನವು ಎಂದು ಅವರು ಒಮ್ಮೆ ಹೇಳಿರಬಹುದು. ಮಿಕ್ಕಿದ್ದನ್ನು ಅವಳೇ ಕೇಳಿ ಕೇಳಿ ತಿಳಿದುಕೊಂಡಳು.

ಮಳೆ ಬಾರದ ದಿನ ಒಂದು ಪ್ರಶ್ನೆ ಎದ್ದಿತು. ಬಾಟಲಿ ಒಣಗಿತ್ತು, ಆದರೂ ಮಾವ ಪುಸ್ತಕ ತೆಗೆದು ಸೊನ್ನೆ ಹಾಕಿದರು.

"ಏನೂ ಇಲ್ವಲ್ಲ ಅಜ್ಜಾ, ಮತ್ತೆ ಯಾಕೆ ಬರೀತೀಯ?"

"ಬರೀದೇ ಬಿಟ್ರೆ ಮಳೆ ಬರ್ಲಿಲ್ವೋ, ನಾವು ನೋಡೋಕೆ ಮರೆತ್ವೋ, ಆಮೇಲೆ ಹೆಂಗೆ ಗೊತ್ತಾಗುತ್ತೆ ಮಗಳೇ?"

ಸೊನ್ನೆಗೂ ಖಾಲಿ ಜಾಗಕ್ಕೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಬಿ.ಎಸ್ಸಿ. ಮುಗಿಸುವವರೆಗೂ. ಜುಲೈಯಲ್ಲಿ ಕಥೆಯೇ ಬೇರೆ. ನಮ್ಮ ಗಾಜು ಒಂದು ಸಲಕ್ಕೆ ಅರ್ಧ ಇಂಚು ಹಿಡಿಯುತ್ತದೆ, ಜಡಿಮಳೆ ಹೊಡೆದ ರಾತ್ರಿಯ ನೀರನ್ನು ಮತ್ತೆ ಮತ್ತೆ ತುಂಬಿಸಿ ಅಳೆಯಬೇಕು. ಒಂದು ಗಾಜು ತುಂಬಿದ್ದಕ್ಕೆ ಒಂದು ಕಲ್ಲು ಇಡುತ್ತಾಳೆ; ಎರಡು ಕಲ್ಲು ಸೇರಿದರೆ ಒಂದು ಇಂಚು; ಕೊನೆಗೆ ಉಳಿದ ಸೆಂಟು ಬೇರೆ. ಇದು ಕೂಡುವ ಲೆಕ್ಕ ಎಂದು ನಾನು ಹೇಳಿಲ್ಲ, ಅವಳು ಕೇಳಿಯೂ ಇಲ್ಲ.

ಈ ಅಂಕಿಗಳಿಗೆ ಮನೆಯಲ್ಲಿ ತೂಕ ಇದೆ, ಅದು ಮುಖ್ಯ. ಮಾರ್ಚ್, ಏಪ್ರಿಲ್‌ನಲ್ಲಿ ಹೂಮಳೆಗೆ ಎಲ್ಲರೂ ಮುಗಿಲು ನೋಡುತ್ತಾ ಕೂತಿರುತ್ತಾರೆ. ಹತ್ತು ಸೆಂಟೋ, ಒಂದು ಇಂಚೋ ಎಂಬುದರ ಮೇಲೆ ಮಾವನ ಮುಖದ ಬಣ್ಣ ಬದಲಾಗುತ್ತದೆ. ಅಕ್ಕಪಕ್ಕದ ತೋಟದವರು ಫೋನ್ ಮಾಡಿ "ನಿಮ್ಮಲ್ಲಿ ಎಷ್ಟು?" ಎನ್ನುತ್ತಾರೆ, ಉತ್ತರ ಕೊಡುವವಳು ನನ್ನ ಮಗಳು. ದೊಡ್ಡವರು ತನ್ನ ಅಂಕಿಯನ್ನು ನಂಬುತ್ತಾರೆ ಎಂದು ಗೊತ್ತಾದ ಮೇಲೆ ಮಗು ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಳೆಯಾಗಿ ಎಂಟು, ಹತ್ತು ದಿನಕ್ಕೆ ಕಾಫಿ ಹೂ ಬಿಡುತ್ತದೆ. ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಮನೆ ಗೀಚುತ್ತಾ ಹೋಗುವುದು ಇಬ್ಬರಿಗೂ ಹಬ್ಬ. ನಾಳೆ, ನಾಡಿದ್ದು, ಆಚೆ ವಾರ ಎಂಬುದೆಲ್ಲ ಮಗನಿಗೆ ತಲೆಗೆ ಹೋದದ್ದು ಹಾಗೆ. ಅದಕ್ಕೂ ಮುಂಚೆ ಅವನಿಗೆ ಕಳೆದದ್ದೆಲ್ಲ "ನಿನ್ನೆ".

ಕುಯ್ಲಿನ ಕಾಲದಲ್ಲಿ, ಅರೇಬಿಕಾ ಆದರೆ ನವೆಂಬರಿನಿಂದ, ಕಣವೇ ಮಕ್ಕಳ ಕೋಣೆ. ಹಸಿರು ಕಾಯಿ, ಕೆಂಪು ಹಣ್ಣು, ಗಿಡದಲ್ಲೇ ಒಣಗಿದ್ದು ಇವನ್ನು ಆರಿಸಿ ಬೇರೆ ಮಾಡಲು ಮೂರು ವರ್ಷದ ಕೈಗೂ ಬರುತ್ತದೆ. ಮಗ ಇದನ್ನು ಎಷ್ಟು ಗಂಭೀರವಾಗಿ ಮಾಡುತ್ತಾನೆಂದರೆ ಅರ್ಧ ಹಸಿರು ಅರ್ಧ ಕೆಂಪಾದ ಹಣ್ಣು ಸಿಕ್ಕರೆ ಅದನ್ನು ಜೇಬಿಗೆ ಹಾಕಿಕೊಂಡು ಬಿಡುತ್ತಾನೆ, ಯಾವ ಗುಡ್ಡೆಗೂ ಸೇರಿಸುವುದಿಲ್ಲ.

ಒಂದು ಮಧ್ಯಾಹ್ನದ ಜಗಳ ಹೇಳಲೇಬೇಕು. ಕಾಫಿ ಹಣ್ಣು ಹಿಸುಕಿದರೆ ಎರಡು ಬೀಜ ಜಾರಿ ಬರುತ್ತವೆ ಎಂದು ಮಗಳಿಗೆ ಗೊತ್ತಿತ್ತು. ಐದು ಹಣ್ಣು ಸಾಲಾಗಿಟ್ಟು, ಒಡೆಯುವ ಮುಂಚೆಯೇ "ಹತ್ತು ಬರುತ್ತೆ" ಎಂದು ತಮ್ಮನಿಗೆ ಸಾರಿದಳು. ಒಡೆದು ಎಣಿಸಿದರೆ ಒಂಬತ್ತು. ಮತ್ತೆ ಎಣಿಸಿದಳು, ಒಂಬತ್ತೇ. "ನೀನು ನುಂಗಿದೆ" ಎಂದು ತಮ್ಮನ ಬಾಯಿ ತೆರೆಸಿ ನೋಡಿದಳು. ಅವನು ಅಳತೊಡಗಿದ. ನಾನು ಅಲ್ಲೇ ಇದ್ದೆ, ಉತ್ತರವೂ ಗೊತ್ತಿತ್ತು, ಆದರೆ ನಾಲಿಗೆ ಕಚ್ಚಿಕೊಂಡೆ. ಅವಳು ಬೀಜಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದಳು. ಎಂಟಕ್ಕೆ ಒಂದು ಕಡೆ ಚಪ್ಪಟೆ, ಒಂದು ಮಾತ್ರ ಪೂರ್ತಿ ದುಂಡು. "ಅಮ್ಮಾ, ಇದಕ್ಕೆ ಜೊತೆ ಇಲ್ಲ!" ಅದು ಪೀಬೆರಿ. ಎರಡರಲ್ಲಿ ಒಂದೇ ಬೀಜ ಬಲಿತಾಗ ಇಡೀ ಜಾಗ ತನ್ನದೇ ಆದ್ದರಿಂದ ದುಂಡಗಾಗುತ್ತದೆ. ವ್ಯಾಪಾರದಲ್ಲಿ ಅದನ್ನು ಬೇರೆ ದರ್ಜೆಯಾಗಿಯೇ ಮಾರುತ್ತಾರೆ. ಇಷ್ಟನ್ನು ಆಗ ಹೇಳಿದೆ. ಅವತ್ತಿನಿಂದ ಎರಡೆರಡರ ಲೆಕ್ಕ ಅವಳಿಗೆ ಬಾಯಿಪಾಠವಾಗದೆ ಸಲೀಸಾಯಿತು, ಜೊತೆಗೆ ಲೆಕ್ಕ ತಪ್ಪಿದರೆ ಕಳ್ಳನನ್ನು ಹುಡುಕುವ ಮುಂಚೆ ಬೀಜ ನೋಡಬೇಕೆಂಬುದೂ. ತಮ್ಮನ ಕ್ಷಮೆ ಕೇಳಿದಳೋ ಇಲ್ಲವೋ ನೆನಪಿಲ್ಲ, ಬಹುಶಃ ಇಲ್ಲ.

ನೂರರವರೆಗೆ ಗಿಳಿಪಾಠ ಒಪ್ಪಿಸುವ ಮಗುವಿನ ಮುಂದೆ ಏಳು ಹುಣಸೆಬೀಜ ಇಟ್ಟು ಎಷ್ಟಿದೆ ಎಂದರೆ ಕೆಲವೊಮ್ಮೆ ತಬ್ಬಿಬ್ಬಾಗುತ್ತದೆ. ಒಂದು ವಸ್ತುವಿಗೆ ಒಂದೇ ಅಂಕಿ, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಮೊತ್ತ, ಈ ಎರಡು ಕೂಡಿಬರಲು ಕಾಲ ಹಿಡಿಯುತ್ತದೆ. ನಮ್ಮಲ್ಲಿ ಅದಕ್ಕೆ ಕೊಡಗಿನ ಉಂಡೆಕಡುಬು ಕಡಂಬುಟ್ಟು ಸಾಕಾಯಿತು. ಬೆಂದ ಅಕ್ಕಿತರಿಯನ್ನು ಬೆಚ್ಚಗಿರುವಾಗಲೇ ಉಂಡೆ ಕಟ್ಟಬೇಕು. ಒಬ್ಬೊಬ್ಬರಿಗೆ ಮೂರು, ಅಜ್ಜನಿಗೆ ಎರಡು, ಇವತ್ತು ಕೆಲಸಕ್ಕೆ ಬಂದವರು ಇಬ್ಬರು, ಎಷ್ಟು ಉಂಡೆ ಬೇಕು? ತಟ್ಟೆಗಳನ್ನು ಹಾಕಿ, ತಟ್ಟೆಗೆ ಮೂರರಂತೆ ಇಟ್ಟು ನೋಡುತ್ತಾರೆ. ಉಂಡೆ ಕಟ್ಟುವುದರಿಂದ ಇನ್ನೊಂದು ಲಾಭ, ಬೆರಳಿಗೆ ಕಸುವು ಬರುತ್ತದೆ.

ಈ ಬೆರಳಿನ ವಿಷಯದಲ್ಲೇ ಅತ್ತೆಗೂ ನನಗೂ ಕೊಂಚ ಕಾಲ ಸರಿಹೋಗಲಿಲ್ಲ. ನಾದಿನಿಯ ಮಗಳು ಎಲ್‌ಕೆಜಿಯಲ್ಲೇ ನಾಲ್ಕು ಗೆರೆ ಪುಸ್ತಕ ತುಂಬಿಸುತ್ತಿದ್ದಳು, ಇವಳು ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿಯುತ್ತಿದ್ದಳು. "ಮೂರು ನಾಲ್ಕು ವರ್ಷಕ್ಕೆ ಮಣಿಕಟ್ಟಿನ ಮೂಳೆಗಳೇ ಎಲ್ಲ ಗಟ್ಟಿಯಾಗಿರಲ್ಲ ಅತ್ತೆ, ಕೆಲವು ಇನ್ನೂ ಮೆದುವಾಗೇ ಇರ್ತವೆ, ಒತ್ತಿ ಬರೆಸಿದ್ರೆ ಕೈ ನೋಯುತ್ತೆ" ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ಆದರೆ ಅತ್ತೆ ಜಾಣೆ, ಮೊಮ್ಮಗಳ ಕೈಗೆ ಹೂ ಕಟ್ಟುವ ಬಾಳೆನಾರು ಕೊಟ್ಟರು, ರಂಗೋಲಿ ಪುಡಿಯ ಡಬ್ಬಿ ಕೊಟ್ಟರು. ರಂಗೋಲಿಯ ಚುಕ್ಕಿ ಇಡಲು ಹೆಬ್ಬೆರಳು, ತೋರುಬೆರಳು ಸೇರಲೇಬೇಕು. ಪೆನ್ಸಿಲ್ ಹಿಡಿಯುವುದೂ ಆ ಬೆರಳುಗಳೇ ಅಲ್ಲವೇ.

ಮಳೆಗಾಲದಲ್ಲಿ ಇಲ್ಲಿ ಕಾಗದ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಹಾಗಾಗಿ ಬರವಣಿಗೆ ಎಲ್ಲ ಸ್ಲೇಟಿನಲ್ಲಿ, ಬೇಸಗೆಯಲ್ಲಿ ಕಣದ ಸಿಮೆಂಟಿನ ಮೇಲೆ ಸೀಮೆಸುಣ್ಣ, ಇಲ್ಲವೇ ಬಿಸಿಲು ಬಿದ್ದ ಗೋಡೆಗೆ ನೀರು ಮತ್ತು ಹಳೇ ಬ್ರಷ್ಷು. ನೀರಿನ ಅಕ್ಷರ ಒಣಗಿ ಮಾಯವಾಗುತ್ತದೆ, ತಿದ್ದಬೇಕಾದ ರಗಳೆಯೇ ಇಲ್ಲ.

ಅಕ್ಷರಕ್ಕೆ ಮುಂಚೆ ಕಿವಿ. ನಡೆಯುತ್ತಾ ಹೋಗುವಾಗ ಮಾತನ್ನು ಚಪ್ಪಾಳೆಯಲ್ಲಿ ಒಡೆಯುವುದು ನಮ್ಮ ಆಟ: ಕಾ-ಫಿ ಎರಡು, ಏ-ಲ-ಕ್ಕಿ ಮೂರು, ಕ-ರಿ-ಮೆ-ಣ-ಸು ಐದು. ಕನ್ನಡದ ಮಕ್ಕಳಿಗೆ ಇದು ವರ. ಚಪ್ಪಾಳೆಗೊಂದು ಅಕ್ಷರ ಎಂದು ಕಿವಿಗೆ ಮೊದಲೇ ಗೊತ್ತಿದ್ದರೆ ಕಣ್ಣಿಗೆ ಕಷ್ಟವಿಲ್ಲ. ಮಗಳು "ನನ್ನ ಹೆಸರು ಹೇಗೆ ಬರೀತಾರೆ" ಎಂದು ಕೇಳಿದ ಮೇಲಷ್ಟೇ ಅಕ್ಷರ ತೋರಿಸಿದೆ. ಅ, ಆ, ಇ, ಈ ಎಂದು ಹೊರಡಲಿಲ್ಲ. ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿ ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ನಲಿ-ಕಲಿ ಎಂಬ ಆಟದ ಮೂಲಕ ಕಲಿಸುವ ಪದ್ಧತಿಯಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಬರೆಯಲು ಸುಲಭ, ಒಂದನ್ನು ತಿದ್ದಿದರೆ ಇನ್ನೊಂದಾಗುತ್ತದೆ. ಐದೇ ಅಕ್ಷರ ಬಂದರೂ ಮಗು ಓದುತ್ತದೆ: ಸರ, ರಸ, ಅರಸ, ಅಗಸ. ಆದರೆ ಇವಳನ್ನು ಹುಚ್ಚು ಹಿಡಿಸಿದ್ದು ಗರಗಸ. ಅಜ್ಜನ ಕೊಟ್ಟಿಗೆಯಲ್ಲಿ ನೇತುಹಾಕಿದ, ಮುಟ್ಟಬೇಡ ಎಂದು ದಿನಾ ಬೈಸಿಕೊಳ್ಳುವ ವಸ್ತುವನ್ನು ತಾನು ಬರೆಯಬಲ್ಲೆ ಎಂದು ಗೊತ್ತಾಗಿ ಕಣದ ತುಂಬ, ನೀರಿನ ಟ್ಯಾಂಕಿನ ಮೇಲೆ, ಜಗಲಿಯ ಕಂಬಕ್ಕೆ, ಎಲ್ಲೆಡೆ ಗರಗಸ.

ನಾನು ಪಾಲಿಸುವ ಒಂದೇ ಕಟ್ಟುನಿಟ್ಟು, ಮಗುವಿಗೆ ಸಾಕೆನಿಸುವ ಮುಂಚೆ ನಾನು ನಿಲ್ಲಿಸುವುದು. "ಇನ್ನೊಂದು ಅಮ್ಮಾ" ಎನ್ನುವಾಗ ಸ್ಲೇಟು ಎತ್ತಿಡುತ್ತೇನೆ. ಆಕಳಿಕೆ ಬಂದ ಮೇಲೆ ಕಲಿಸಿದ್ದು ಉಳಿಯುವುದಿಲ್ಲ, ಮೇಲಾಗಿ ಮಾರನೇ ದಿನ ಸ್ಲೇಟು ಕಂಡರೆ ಓಡುತ್ತಾರೆ. ಬೇಡ ಎಂದ ದಿನ ಬೇಡ. ವಾರಗಟ್ಟಲೆ ಬೇಡ ಎಂದದ್ದೂ ಉಂಟು, ಆಗ ಹೊಟ್ಟೆಯೊಳಗೆ ಸಂಕಟವಾಗುತ್ತದೆ, ಇಲ್ಲ ಎಂದರೆ ಸುಳ್ಳಾಗುತ್ತದೆ.

ಇದರಿಂದ ಕೆಲಸ ಬೇಗ ಆಗುತ್ತದೆ ಎಂದು ಯಾರೂ ತಿಳಿಯಬೇಡಿ. ಕಡಂಬುಟ್ಟು ಮಾಡಲು ಎರಡು ಪಟ್ಟು ಹೊತ್ತು, ಆರಿಸಿದ ಹಣ್ಣನ್ನು ಮತ್ತೊಮ್ಮೆ ಆರಿಸಬೇಕು. ಅವಸರ ಇದ್ದ ದಿನ ಮಕ್ಕಳನ್ನು ಹೊರಗೆ ಅಟ್ಟಿ ನಾನೇ ಮಾಡಿ ಮುಗಿಸುತ್ತೇನೆ.

ಎಣಿಸಲು ಕೊಡುವ ಬೀಜಗಳ ವಿಷಯದಲ್ಲಿ ಎಚ್ಚರ ಬೇಕು. ಅಳಗುಳಿ ಮಣೆಗೆ ಹುಣಸೆಬೀಜವೇ ಒಳ್ಳೆಯದು. ಗುಲಗಂಜಿ ನೋಡಲು ಚೆಂದ, ಆದರೆ ವಿಷ, ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಮೂರರೊಳಗಿನ ಮಗುವಿಗೆ ಯಾವ ಸಣ್ಣ ಬೀಜವೂ ಸಲ್ಲದು, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ತೊಟ್ಟಿ, ಔಷಧಿ ಹೊಡೆದ ಗಿಡ, ಕಟ್ಟಿಗೆ ರಾಶಿ ಇವಕ್ಕೆ ಗಡಿ ಹಾಕಿದ್ದೇವೆ. ಆನೆ ಬಂದಿದೆ ಎಂಬ ಸುದ್ದಿ ಇದ್ದರೆ ಅಂಗಳವೇ ಗಡಿ. ಜಿಗಣೆ ಮಾತ್ರ ನಮ್ಮಲ್ಲಿ ಪಾಠದ ಭಾಗ, ಯಾರ ಕಾಲಿಗೆ ಎಷ್ಟು ಎಂದು ಎಣಿಸಿ ಉಪ್ಪು ಹಾಕುತ್ತಾರೆ.

ಮೊಬೈಲ್ ಬಗ್ಗೆ ಮನೆಯಲ್ಲಿ ವಾದ ಬಂದಾಗ ನಾನು ಹಿಡಿದುಕೊಂಡದ್ದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಗಾಳಿ ಮಳೆಗೆ ಕರೆಂಟು ಹೋಗಿ, ಟವರೂ ಸತ್ತ ದಿನಗಳಲ್ಲಿ ಈ ವಾದವೇ ಇರುವುದಿಲ್ಲ, ಅತ್ತೆಯ ಕಥೆಗೆ ಆಗ ಬೇಡಿಕೆ.

ಇಬ್ಬರೂ ಅಂಗನವಾಡಿಗೆ ಹೋಗುತ್ತಾರೆ, ಜೊತೆಗಾರರು ಬೇಕಲ್ಲ. ಅಲ್ಲಿ ಕೊಡವ, ಮಲಯಾಳಂ, ತುಳು ಎಲ್ಲ ಕಿವಿಗೆ ಬೀಳುತ್ತವೆ. ಮಗ ಸಿಟ್ಟು ಬಂದಾಗ ಯಾವ ಭಾಷೆಯಲ್ಲಿ ಬೈಯುತ್ತಾನೆಂದು ನಾವು ಇನ್ನೂ ಪತ್ತೆ ಹಚ್ಚುತ್ತಿದ್ದೇವೆ.

ಎಲ್‌ಕೆಜಿ, ಯುಕೆಜಿಗೆ ಹಾಕದಿದ್ದರೆ ಮುಂದೆ ಸೀಟು ಸಿಗುತ್ತದೆಯೇ ಎಂಬ ಭಯ ನನಗೂ ಇತ್ತು. ಶಿಕ್ಷಣ ಹಕ್ಕು ಕಾಯ್ದೆ ಇರುವುದು 6ರಿಂದ 14 ವರ್ಷದವರಿಗೆ. ಅದರ 13ನೇ ಕಲಂ ಪ್ರಕಾರ ಸೇರಿಸಿಕೊಳ್ಳುವಾಗ ಮಗುವಿಗಾಗಲಿ, ಹೆತ್ತವರಿಗಾಗಲಿ ಪರೀಕ್ಷೆ, ಸಂದರ್ಶನ ಮಾಡುವಂತಿಲ್ಲ. ಒಂದನೇ ತರಗತಿಗೆ ಜೂನ್ 1ಕ್ಕೆ ಆರು ತುಂಬಿರಬೇಕೆಂಬ ನಿಯಮವನ್ನು ರಾಜ್ಯ ಸರ್ಕಾರ 2025-26ಕ್ಕೆ ಮಾತ್ರ, ಯುಕೆಜಿ ಮುಗಿಸಿದವರಿಗೆ, 5 ವರ್ಷ 5 ತಿಂಗಳಿಗೆ ಸಡಿಲಿಸಿತು. ಆಗ ಎಷ್ಟೋ ತಾಯಂದಿರು ಓಡಾಡಿದರು. ನಮಗೆ ಅವಸರವಿರಲಿಲ್ಲ. ಆರು ತುಂಬಿಸಿಕೊಂಡೇ ಸರ್ಕಾರಿ ಶಾಲೆಗೆ ಹೋಗುತ್ತಾಳೆ.

ಮಗನದು ಬೇರೆ ದಾರಿ. ಅಕ್ಷರ ತೋರಿಸಿದರೆ ಮುಖ ತಿರುಗಿಸುತ್ತಾನೆ, ಅಂಕಿಯ ಹಂಗೂ ಇಲ್ಲ. ಕುಯ್ಲಿನ ಹೊತ್ತಿಗೆ ಚೀಲದ ಬಾಯಿ ಕಟ್ಟುವವರ ಪಕ್ಕ ಕೂತು ಗಂಟು ಹಾಕುವುದನ್ನು ಕಲಿತಿದ್ದಾನೆ. ಬಿಚ್ಚಲು ಬರುವುದಿಲ್ಲ. ಸದ್ಯಕ್ಕೆ ಕರುವಿನ ಹಗ್ಗ, ಅಜ್ಜಿಯ ಸಂಚಿ, ನನ್ನ ದುಪಟ್ಟಾ, ಅಕ್ಕನ ಬೂಟಿನ ದಾರ ಎಲ್ಲವೂ ಗಂಟಿನಲ್ಲಿವೆ, ಬಿಚ್ಚುವ ಪಾಳಿ ಮಿಕ್ಕವರದು.