ಪೇಜು ಹೋದರೂ ಜನ ಹೋಗದಂತೆ ಮಾಡುವುದು ಹೇಗೆ?

ಹೊನ್ನಾವರ, ಕುಮಟಾ ಸೀಮೆಯ ಯಕ್ಷಗಾನ ಆಟಗಳನ್ನು ಫೇಸ್‌ಬುಕ್ ಲೈವ್‌ನಲ್ಲಿ ಬಿಟ್ಟು, ‘ಹೇಗೂ ಅಲ್ಲಿ ಇರುತ್ತದಲ್ಲ’ ಎಂದು ಪ್ರತಿ ಇಟ್ಟುಕೊಳ್ಳದವರು ಈ ಹೊತ್ತಿಗೇ ಒಮ್ಮೆ ಪೇಜು ತೆರೆದು ನೋಡಿ. 2025ರ ಫೆಬ್ರವರಿ 19ರಿಂದ ಫೇಸ್‌ಬುಕ್ ಹೊಸ ಲೈವ್ ವಿಡಿಯೊಗಳನ್ನು 30 ದಿನ ಮಾತ್ರ ಇಟ್ಟುಕೊಳ್ಳುತ್ತದೆ. ಹಳೆಯವನ್ನೂ ನೋಟಿಸ್ ಕೊಟ್ಟು ತೆಗೆಯುವುದಾಗಿ ಆಗಲೇ ತಿಳಿಸಿತ್ತು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾದಾಗ ಲಕ್ಷಗಟ್ಟಲೆ ಫಾಲೋವರ್ಸ್ ಇದ್ದ ಎಷ್ಟೋ ಮಂದಿಯ ಕೈಯಲ್ಲೂ ಅವರಲ್ಲಿ ಒಬ್ಬರ ಫೋನ್ ನಂಬರ್ ಇರಲಿಲ್ಲ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸ್‌ಆ್ಯಪ್ ಮೂರೂ ಸುಮಾರು ಆರು ತಾಸು ಒಟ್ಟಿಗೇ ನಿಂತವು.

ಜಾಲತಾಣಗಳಲ್ಲಿ ಇರಿ, ಜನ ಸಿಗುವುದು ಅಲ್ಲಿಯೇ. ಆದರೆ ಮಾಡಿದ ಕೆಲಸದ ಮೂಲ ಪ್ರತಿ, ಸ್ವಂತ ವಿಳಾಸ, ಜನರ ಪಟ್ಟಿ ಇವಿಷ್ಟು ನಿಮ್ಮ ಕೈಯಲ್ಲಿರಬೇಕು. ಆಟದ ಲೈವ್ ಬಿಡುವವರಿರಲಿ, ಅಪ್ಪೆಮಿಡಿ ಉಪ್ಪಿನಕಾಯಿಯ ವಿಡಿಯೊ ಮಾಡಿ ಮಾರುವವರಿರಲಿ, ಕಾರವಾರದ ಕಡಲತೀರದ ಫೋಟೊ ತೆಗೆಯುವವರಿರಲಿ, ದಾರಿ ಒಂದೇ. ಮಳೆಗಾಲದಲ್ಲಿ ಆಟವೂ ಪ್ರವಾಸಿಗರೂ ಕಡಿಮೆ. ಈ ಕೆಲಸಕ್ಕೆ ಅದೇ ಒಳ್ಳೆಯ ಕಾಲ.

ಮೊದಲು, ಹಾಕಿದ್ದನ್ನು ವಾಪಸ್ ತನ್ನಿ

ಇನ್‌ಸ್ಟಾಗ್ರಾಮ್‌ನ ಅಕೌಂಟ್ಸ್ ಸೆಂಟರ್ ಒಳಗೆ ನಿಮ್ಮ ಮಾಹಿತಿಯನ್ನೆಲ್ಲ ಇಳಿಸಿಕೊಳ್ಳುವ ಆಯ್ಕೆ ಇದೆ. ಅಲ್ಲಿ ಮೂರು ಕಡೆ ಕೈ ತಪ್ಪುತ್ತದೆ. ಅವಧಿ ಕೇಳಿದಾಗ ‘ಆಲ್ ಟೈಮ್’ ಒತ್ತಿ. ಇಲ್ಲವಾದರೆ ಇತ್ತೀಚಿನದ್ದಷ್ಟೇ ಬರುತ್ತದೆ. ಗುಣಮಟ್ಟ ‘ಹೈ’ ಇರಲಿ. ಫಾರ್ಮ್ಯಾಟ್ ಎಚ್‌ಟಿಎಂಎಲ್ ಆಯ್ದುಕೊಳ್ಳಿ. ಜೇಸನ್ ಆಯ್ದರೆ ಕನ್ನಡದ ಅಕ್ಷರಗಳು ಸಂಕೇತಗಳಾಗಿ ಒಡೆದು ಬರುತ್ತವೆ, ಐದು ವರ್ಷ ಕೂತು ಬರೆದ ಒಕ್ಕಣೆ ಒಂದನ್ನೂ ಓದಲಿಕ್ಕಾಗುವುದಿಲ್ಲ.

ಯೂಟ್ಯೂಬ್ ಸ್ಟುಡಿಯೊದಿಂದ ಒಂದೊಂದಾಗಿ ಇಳಿಸಿದರೆ ಸಿಗುವುದು ಹೆಚ್ಚೆಂದರೆ 720ಪಿ. ಅದರ ಬದಲು, ಗೂಗಲ್‌ನಲ್ಲಿರುವ ನಿಮ್ಮದನ್ನೆಲ್ಲ ಒಟ್ಟಿಗೆ ಇಳಿಸಿಕೊಡುವ ಗೂಗಲ್ ಟೇಕ್‌ಔಟ್‌ಗೆ ಹೋಗಿ, ಎಲ್ಲ ಟಿಕ್ ತೆಗೆದು ಯೂಟ್ಯೂಬ್ ಒಂದನ್ನೇ ಉಳಿಸಿ. ಫೈಲಿನ ಗಾತ್ರ 2 ಜಿಬಿ ಇರಲಿ. ನಮ್ಮ ಘಟ್ಟದ ಹಳ್ಳಿಗಳಲ್ಲಿ ಕರೆಂಟು ಯಾವಾಗ ಹೋಗುವುದೋ ಹೇಳಲಾಗದು, 50 ಜಿಬಿಯ ಒಂದೇ ಕಟ್ಟು ನಡುವೆ ನಿಂತರೆ ಮತ್ತೆ ಮೊದಲಿನಿಂದ ಶುರು. ಇಳಿಸುವ ಕೊಂಡಿ ಒಂದು ವಾರ ಮಾತ್ರ ಬದುಕಿರುತ್ತದೆ. ಶಿರಸಿ ಪೇಟೆಯಲ್ಲಿ ಫೈಬರ್ ಇರುವ ನೆಂಟರ ಮನೆಯಿದ್ದರೆ ಅಲ್ಲಿ ಕೂತು ಮುಗಿಸಿ.

ಇನ್ನು ಮುಂದೆ ಕ್ಯಾಮೆರಾದ ಮೂಲ ಫೈಲನ್ನೇ ಇಡಿ. ಇನ್‌ಸ್ಟಾಗ್ರಾಮ್ ಕುಗ್ಗಿಸಿದ ಫೋಟೊ ಕ್ಯಾಲೆಂಡರ್ ಮುದ್ರಣಕ್ಕೆ ಒದಗುವುದಿಲ್ಲ. ಫೈಲಿನ ಹೆಸರಲ್ಲಿ ಮೊದಲು ವರ್ಷ, ತಿಂಗಳು, ದಿನ, ಆಮೇಲೆ ಊರು: ‘2025-03-14-ಇಡಗುಂಜಿ’. ಹೀಗೆ ಬರೆದರೆ ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಎರಡು ಹಾರ್ಡ್ ಡಿಸ್ಕ್ ಬೇಕು. ಒಂದು ನಿಮ್ಮಲ್ಲಿ, ಇನ್ನೊಂದು ಬೇರೆ ಮನೆಯಲ್ಲಿ. ಆಷಾಢದ ಥಂಡಿಗೆ ಬಟ್ಟೆಗೇ ಬೂಸಲು ಬರುವ ಊರು ನಮ್ಮದು, ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ.

ಸ್ವಂತ ವಿಳಾಸ

ಡೊಮೈನ್ ಎಂದರೆ ಅಂತರ್ಜಾಲದಲ್ಲಿ ನಿಮ್ಮ ಹೆಸರಿನ ವಿಳಾಸ. ‘.ಇನ್’ಗೆ ವರ್ಷಕ್ಕೆ ಸಾವಿರ ರೂಪಾಯಿಯ ಆಸುಪಾಸು. ಮೊದಲ ವರ್ಷದ ದರ ಕಡಿಮೆ ತೋರಿಸುತ್ತಾರೆ. ನವೀಕರಣದ ದರ ನೋಡಿ ಕೊಳ್ಳಿ.

ಹೆಸರು ಆರಿಸುವಾಗ ಫೋನಿನಲ್ಲಿ ಯಾರಿಗಾದರೂ ಹೇಳಿ, ಬರೆಯಲು ತಿಳಿಸಿ. ‘ಅಪ್ಪೆ’ ಎಂದರೆ ಒಬ್ಬರು ಒಂದು ‘ಪಿ’ ಹಾಕುತ್ತಾರೆ, ಇನ್ನೊಬ್ಬರು ಎರಡು. ಕನ್ನಡದ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಈ ತೊಡಕು ತಪ್ಪಿದ್ದಲ್ಲ. ಮೂವರಲ್ಲಿ ಮೂವರೂ ಒಂದೇ ರೀತಿ ಬರೆದ ಹೆಸರನ್ನೇ ತೆಗೆದುಕೊಳ್ಳಿ.

ಅತಿ ದೊಡ್ಡ ತಪ್ಪು ಆಗುವುದು ಕೊಳ್ಳುವ ದಿನ. ಪರಿಚಯದ ಹುಡುಗನೊಬ್ಬ ತನ್ನ ಈಮೇಲ್‌ನಿಂದ, ತನ್ನ ಖಾತೆಯಲ್ಲಿ ಮಾಡಿಕೊಡುತ್ತಾನೆ. ಮೂರು ವರ್ಷದ ಮೇಲೆ ಅವನು ಬೆಂಗಳೂರಿಗೆ ಹೋಗಿರುತ್ತಾನೆ, ನವೀಕರಣದ ನೋಟಿಸ್ ಅವನಿಗೆ ಹೋಗುತ್ತದೆ, ವಿಳಾಸ ಬೇರೆಯವರ ಪಾಲಾಗುತ್ತದೆ. ಸಹಾಯ ಪಡೆಯಿರಿ, ಖಾತೆ ಮಾತ್ರ ನಿಮ್ಮ ಹೆಸರಲ್ಲಿ, ನಿಮ್ಮ ಫೋನ್ ನಂಬರಿನಲ್ಲಿ ಇರಲಿ. ಆ ಖಾತೆಗೆ ಅದೇ ಡೊಮೈನಿನ ಈಮೇಲ್ ಕೊಡಬೇಡಿ. ಡೊಮೈನ್ ನಿಂತ ದಿನ ಆ ಈಮೇಲೂ ನಿಲ್ಲುತ್ತದೆ, ಒಳಗೆ ಹೋಗುವ ದಾರಿಯೇ ಇರುವುದಿಲ್ಲ.

ವೆಬ್‌ಸೈಟು ದೊಡ್ಡದು ಬೇಡ. ಯಾರು, ಏನು ಮಾಡುತ್ತೀರಿ, ಹೇಗೆ ಸಂಪರ್ಕಿಸಬೇಕು ಎಂಬ ಒಂದು ಪುಟ. ಪ್ರತಿ ಕೆಲಸಕ್ಕೆ ಒಂದೊಂದು ಪುಟ. ಹಳೆಯ ಬರಹಗಳು ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಹಳೆಯ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿಯೇ ಹಾಕಿ, ಅರ್ಕಾವತ್ತುಗಳನ್ನು ಕಣ್ಣಾರೆ ನೋಡಿ. ಹಳೆಯ ಫಾಂಟಿನ ಅಕ್ಷರ ಗೂಗಲ್‌ಗೆ ಕನ್ನಡವೇ ಅಲ್ಲ. ಪುಟದ ಕೊಂಡಿಯನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಇಡಿ. ಕನ್ನಡದಲ್ಲಿಟ್ಟರೆ ವಾಟ್ಸ್‌ಆ್ಯಪ್‌ಗೆ ಅಂಟಿಸಿದಾಗ ಶೇಕಡಾ ಚಿಹ್ನೆಗಳ ಮಾರುದ್ದದ ಸರಮಾಲೆ ಆಗುತ್ತದೆ, ಹೆದರಿ ಯಾರೂ ಒತ್ತುವುದಿಲ್ಲ. ಫೋಟೊ 1600 ಪಿಕ್ಸೆಲ್ ಅಗಲ, 300 ಕೆಬಿ ಒಳಗೆ ಇದ್ದರೆ ಸಾಕು. ಆಟದ ವಿಡಿಯೊ ಹಾಕುವ ಮುಂಚೆ ಮೇಳದವರ, ಭಾಗವತರ ಒಪ್ಪಿಗೆ ಪಡೆಯಿರಿ. ಅದು ಅವರ ಹಕ್ಕು. ಯೂಟ್ಯೂಬ್‌ನಲ್ಲೂ 90 ದಿನದೊಳಗೆ ಹಕ್ಕುದಾರರ ದೂರಿನಿಂದ ಮೂರು ಕಾಪಿರೈಟ್ ಸ್ಟ್ರೈಕ್ ಬಂದರೆ ಚಾನೆಲ್ಲೇ ಹೋಗಬಹುದು.

ಜನರ ಪಟ್ಟಿ

ಎಲ್ಲಕ್ಕಿಂತ ಬೆಲೆಯುಳ್ಳದ್ದು ಇದು. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ. ಅಲ್ಲಿ ನಿಮ್ಮ ಮಳಿಗೆಗೆ ಬಂದು ರುಚಿ ನೋಡಿ ಮೆಚ್ಚಿದವರ ಹೆಸರು ಬರೆದುಕೊಳ್ಳದಿದ್ದರೆ ಮತ್ತೆ ಅವರು ಸಿಗುವುದು ಎಂದೋ. ಒಂದು ಪಟ್ಟಿ ಪುಸ್ತಕ ಇಡಿ: ಹೆಸರು, ಊರು, ಫೋನ್, ಈಮೇಲ್, ತಾರೀಖು. ‘ತಿಂಗಳಿಗೆ ಒಂದೆರಡು ಸಲ ಸುದ್ದಿ ಕಳಿಸುತ್ತೇವೆ, ಬೇಡವೆಂದರೆ ನಿಲ್ಲಿಸುತ್ತೇವೆ’ ಎಂದು ತಲೆಬರಹದಲ್ಲೇ ಬರೆದು ಒಪ್ಪಿಗೆ ಪಡೆಯಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಈ ಒಪ್ಪಿಗೆಯೇ.

ಬಾಟಲಿ, ಕಾರ್ಡಿನ ಮೇಲೆ ಕ್ಯೂಆರ್ ಕೋಡ್ ಹಾಕುವುದಾದರೆ ಅದು ಇನ್‌ಸ್ಟಾಗ್ರಾಮ್‌ಗೆ ಬೇಡ, ನಿಮ್ಮ ವಿಳಾಸಕ್ಕೇ ಹೋಗಲಿ. ‘ಡೈನಾಮಿಕ್’ ಎಂದು ಕೊಡುವ ಕೋಡುಗಳು ಆ ಕಂಪನಿಯ ಮೂಲಕ ಹಾದು ಬರುತ್ತವೆ. ಚಂದಾ ಮುಗಿದರೆ ಮುದ್ರಿಸಿದ ಸಾವಿರ ಲೇಬಲ್ಲೂ ದಂಡ. ‘ಸ್ಟ್ಯಾಟಿಕ್’ ಕೋಡ್ ಮಾಡಿಸಿ, ಅಳತೆ ಎರಡೂವರೆ ಸೆಂಟಿಮೀಟರ್ ಇರಲಿ. ಉಪ್ಪಿನಕಾಯಿ ಬಾಟಲಿಯ ದುಂಡು ಮೈಮೇಲೆ ಅಂಟಿಸಿದರೆ ಕೋಡ್ ಬಾಗುತ್ತದೆ, ನಾಲ್ಕು ದಿನಕ್ಕೆ ಎಣ್ಣೆ ಇಳಿದು ಕಪ್ಪಾಗುತ್ತದೆ. ಮುಚ್ಚಳದ ಮೇಲೆ ಅಂಟಿಸಿ, ಅಲ್ಲಿ ಸಪಾಟು ಜಾಗವಿದೆ.

ನಂಬರುಗಳನ್ನು ಫೋನಿನಲ್ಲಷ್ಟೇ ಅಲ್ಲ, ಗೂಗಲ್ ಕಾಂಟ್ಯಾಕ್ಟ್ಸ್‌ನಲ್ಲಿ ಉಳಿಸಿ, ಜತೆಗೆ ಊರನ್ನೂ ಬರೆಯಿರಿ. ಬರೀ ಹೆಗಡೆ, ಭಟ್ಟ, ನಾಯ್ಕ ಎಂದು ಬರೆದರೆ ನಮ್ಮ ಜಿಲ್ಲೆಯಲ್ಲಿ ಯಾರೆಂದು ಗುರುತು ಹಿಡಿಯುವುದು ಹೇಗೆ? ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಪಟ್ಟಿಯೊಂದಕ್ಕೆ 256 ಜನರ ಮಿತಿ. ಅದರಲ್ಲೂ ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಮೆಸೇಜು ತಲುಪುತ್ತದೆ. ಆದ್ದರಿಂದ ಮೊದಲ ಮಾತುಕತೆಯಲ್ಲೇ ‘ನಮ್ಮ ನಂಬರ್ ಸೇವ್ ಮಾಡ್ಕಳಿ’ ಎಂದು ಕೇಳಿ.

ಈಮೇಲ್ ನೋಡುವವರು ಕಡಿಮೆ ಎನ್ನುತ್ತಾರೆ. ಮುಂಬೈ, ಬೆಂಗಳೂರು, ವಿದೇಶದಲ್ಲಿರುವ ನಮ್ಮವರು ನೋಡುತ್ತಾರೆ, ದೂರದಿಂದ ಆರ್ಡರ್ ಕೊಡುವವರೂ ಅವರೇ. ಉಚಿತ ಜಿಮೇಲ್‌ನಿಂದ ದಿನಕ್ಕೆ 500 ಜನರಿಗೆ ಕಳಿಸಬಹುದು; ಬಿಸಿಸಿಯಲ್ಲಿ ಹಾಕಿ, ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣಬಾರದು. ಸ್ವಂತ ಡೊಮೈನಿನಿಂದ ಕಳಿಸುವಾಗ ಪತ್ರ ನಿಜವಾಗಿ ನಿಮ್ಮದೇ ಎಂದು ತೋರಿಸುವ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಡೊಮೈನ್ ಸೆಟ್ಟಿಂಗ್‌ನಲ್ಲಿ ಸೇರಿಸಬೇಕು. 2024ರ ಫೆಬ್ರವರಿಯಿಂದ ಜಿಮೇಲ್ ಇದರಲ್ಲಿ ಬಿಗಿಯಾಗಿದೆ. ಇಲ್ಲದಿದ್ದರೆ ಪತ್ರ ಸ್ಪ್ಯಾಮ್‌ಗೆ ಬೀಳುತ್ತದೆ, ಇಲ್ಲವೇ ವಾಪಸ್ ಬರುತ್ತದೆ.

ಆಮೇಲಿನ ರೂಢಿ

ಹೊಸದೇನಿದ್ದರೂ ಮೊದಲು ನಿಮ್ಮ ಸೈಟಿನಲ್ಲಿ ಹಾಕಿ, ಪಟ್ಟಿಯವರಿಗೆ ತಿಳಿಸಿ, ಮರುದಿನ ಅದರ ತುಣುಕನ್ನು ಜಾಲತಾಣಕ್ಕೆ ಬಿಡಿ. ಮಿಡಿ ಬಂತು, ಕರಿ ಇಶಾಡ ಮಾವು ಹಣ್ಣಾಯಿತು ಎಂಬ ಸುದ್ದಿ ಪಟ್ಟಿಯವರಿಗೆ ಒಂದು ದಿನ ಮುಂಚೆ ಸಿಕ್ಕರೆ ಅವರು ಪಟ್ಟಿಯಲ್ಲಿ ಉಳಿಯುತ್ತಾರೆ. ಮೊದಲ ಆರು ತಿಂಗಳು ಲೈಕುಗಳಿಗೆ ಹೋಲಿಸಿದರೆ ಸಂಖ್ಯೆ ತೀರ ಚಿಕ್ಕದಾಗಿ ಕಾಣುತ್ತದೆ. ಎಣಿಸಬೇಕಾದ್ದು ತಿರುಗಿ ಉತ್ತರ ಬರೆದವರನ್ನು, ಆರ್ಡರ್ ಕೊಟ್ಟವರನ್ನು.

ತಿಂಗಳ ಮೊದಲ ದಿನ ಪಟ್ಟಿಯನ್ನು ಎಕ್ಸೆಲ್‌ನಂಥವುಗಳಲ್ಲಿ ತೆರೆಯುವ ಸಿಎಸ್‌ವಿ ಫೈಲಾಗಿ ಇಳಿಸಿ ಎರಡೂ ಡಿಸ್ಕಿಗೆ ಹಾಕಿ. ಹಾಗೆಯೇ ಡಿಸ್ಕಿನಿಂದ ಹಳೆಯ ವಿಡಿಯೊ ಒಂದನ್ನು ತೆರೆದು ಮೊದಲು, ನಡುವೆ, ಕೊನೆಗೆ ಮೂರು ಕಡೆ ಓಡಿಸಿ ನೋಡಿ. ಎಲ್ಲಾದರೂ ತಡವರಿಸಿದರೆ, ಇನ್ನೊಂದು ಮನೆಯಲ್ಲಿರುವ ಡಿಸ್ಕನ್ನು ತರಿಸಿ ಅದೇ ದಿನ ಹೊಸದಕ್ಕೆ ನಕಲು ಮಾಡಿ.